ಕುರ್ಚಿಯ ಬೆನ್ನಿನ ಹೆಸರು

ಪ್ಲಾಸ್ಟಿಕ್ಕಿನ ಮೇಲೆ ಬಿದ್ದ ಪರ್ಮನೆಂಟ್ ಮಾರ್ಕರ್ ಕಲೆ ತೆಗೆಯುವುದು ಬಹಳ ಸುಲಭವಂತೆ. ಮೊಬೈಲಿನಲ್ಲಿ ಒಬ್ಬಾಕೆ ಹೇಳುತ್ತಾಳೆ. ಕೈತುಂಬ ಬಳೆ, ಉಗುರಿಗೆ ಬಣ್ಣ, ಹಿಂದುಗಡೆ ಸಂಗೀತ. ಬಿಳಿ ಡಬ್ಬದ ಮೇಲೆ ತಾನೇ ಒಂದು ಗೆರೆ ಎಳೆಯುತ್ತಾಳೆ, ತಾನೇ ಅದಕ್ಕೆ ಚೂರು ಟೂತ್‌ಪೇಸ್ಟ್ ಮೆತ್ತುತ್ತಾಳೆ, ತಾನೇ ಒರೆಸಿ 'ನೋಡಿ ಫ್ರೆಂಡ್ಸ್, ಮ್ಯಾಜಿಕ್!' ಎಂದು ಹಲ್ಲು ಬಿಡುತ್ತಾಳೆ. ಅಯ್ಯೋ ತಾಯಿ, ಈಗಷ್ಟೇ ಎಳೆದ ಗೆರೆಯನ್ನು ಈಗಲೇ ಒರೆಸಿದರೆ ಅದು ಹೋಗದೆ ಇನ್ನೇನು ಮಾಡುತ್ತದೆ? ನನ್ನ ಮಗಳು ಚಿಕ್ಕವಳಿದ್ದಾಗ ಅವಳ ಸಿಂಬಳವನ್ನೂ ನಾನು ಅಷ್ಟೇ ಚುರುಕಾಗಿ ಒರೆಸುತ್ತಿದ್ದೆ. ಅದಕ್ಕೆ ಯಾರೂ ಲೈಕು ಒತ್ತಲಿಲ್ಲ.

ಆಕೆಯನ್ನು ಒಂದು ಸಲ ಪಾಂಡವಪುರಕ್ಕೆ ಕರೆಸಿ, ನಮ್ಮ ಜಗಲಿಯ ಮೇಲಿರುವ ಕುರ್ಚಿಯ ಮುಂದೆ ನಿಲ್ಲಿಸಿ, ಕೈಗೆ ಟೂತ್‌ಪೇಸ್ಟ್ ಕೊಟ್ಟು, 'ಮಾಡಮ್ಮ ಈಗ ಮ್ಯಾಜಿಕ್ಕು' ಎನ್ನಬೇಕೆಂದು ನನಗೆ ಬಹಳ ದಿನದ ಆಸೆ. ಆ ಕುರ್ಚಿ ಒಂದು ಕಾಲದಲ್ಲಿ ಬಿಳಿಯದಾಗಿತ್ತು. ಈಗ ಅದರ ಬೆನ್ನಿನ ಮೇಲೆ ನೀಲಿ ಮಬ್ಬು ಕವಿದಿದೆ. ಸಂಜೆಯ ಬಿಸಿಲು ಅಡ್ಡಕ್ಕೆ ಬಿದ್ದಾಗ ಮಬ್ಬಿನೊಳಗಿಂದ ಅಕ್ಷರಗಳು ಎದ್ದು ಕಾಣುತ್ತವೆ. ಬಂದವರೆಲ್ಲ 'ಇದೇನ್ರೀ ಹಿಂಗಾಗಿದೆ?' ಎಂದು ಕೇಳುತ್ತಾರೆ. ನಮ್ಮ ಬೀದಿಯವರಿಗೆ ನಾನು ಹೇಳುವುದಿಲ್ಲ. ಅವರಿಗೆ ಒಂದು ಹೇಳಿದರೆ ಆಲೆಮನೆಯ ಹತ್ತಿರ ಹೋಗುವಷ್ಟರಲ್ಲಿ ನಾಲ್ಕಾಗಿರುತ್ತದೆ. ನೀವಾದರೆ ಓದಿ ಸುಮ್ಮನಾಗುವವರು. ನಿಮಗೆ ಹೇಳುತ್ತೇನೆ.

ನಮ್ಮ ಕಡೆಯವರಿಗೆ ಹೆಸರಿನ ಹುಚ್ಚು ಸ್ವಲ್ಪ ಜಾಸ್ತಿ. ಒಂದು ಟ್ಯೂಬ್‌ಲೈಟನ್ನು ದೇವಸ್ಥಾನಕ್ಕೆ ಕೊಟ್ಟರೆ ಅದರ ಉದ್ದಕ್ಕೂ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಊರು, ಹೋಬಳಿ ಎಲ್ಲ ಬರೆಸುತ್ತಾರೆ. ಬೆಳಕು ಪಾಪ ಅಕ್ಷರಗಳ ಸಂದಿಯಿಂದ ಆಚೆ ಬರಬೇಕು. ಫ್ಯಾನಿನದು ಇನ್ನೊಂದು ಕತೆ. ಒಂದು ರೆಕ್ಕೆಗೆ ಗಂಡನ ಹೆಸರು, ಇನ್ನೊಂದಕ್ಕೆ ಹೆಂಡತಿಯದು, ಮೂರನೆಯದಕ್ಕೆ 'ಮತ್ತು ಮಕ್ಕಳು'. ತಿರುಗುವಾಗ ಒಂದೂ ಕಾಣುವುದಿಲ್ಲ. ಹಾಗಾಗಿ ದಾನಿಗಳು ದೇವಸ್ಥಾನಕ್ಕೆ ಬಂದಾಗ ಪೂಜಾರಿಗಳು ಫ್ಯಾನು ನಿಲ್ಲಿಸುತ್ತಾರೆ. ಅವರು ಕತ್ತೆತ್ತಿ ತಮ್ಮ ಹೆಸರನ್ನು ತಾವೇ ಓದಿಕೊಂಡು, ಸೆಕೆಯಲ್ಲಿ ಬೆವರು ಒರೆಸಿಕೊಂಡು, ತೃಪ್ತಿಯಿಂದ ಮನೆಗೆ ಹೋಗುತ್ತಾರೆ. ಅವರು ಹೋದ ಮೇಲೆ ದೇವರಿಗೆ ಗಾಳಿ.

ಬೇರೆಯವರನ್ನು ಆಡಿಕೊಂಡು ನಾನೇನು ಸಾಚಾ ಅಲ್ಲ. ನನ್ನ ತವರು ನಾಗಮಂಗಲ. ಅಲ್ಲಿ ನಾನು ಚಿಕ್ಕವಳಿದ್ದಾಗ ಸ್ಟೀಲ್ ಪಾತ್ರೆಗೆ ಹೆಸರು ಕೊರೆಯುವ ಒಬ್ಬ ಬೀದಿಗೆ ಬರುತ್ತಿದ್ದ. ಕೈಯಲ್ಲಿ ಗುರ್ರೆನ್ನುವ ಮಿಷನ್ನು. ಅವನು ಬಂದನೆಂದರೆ ನಮ್ಮವ್ವ ಮನೆಯ ಲೋಟ, ಚೊಂಬು, ತಟ್ಟೆ ಎಲ್ಲವನ್ನೂ ಹೊರಗೆ ತಂದು ಗುಡ್ಡೆ ಹಾಕುತ್ತಿದ್ದಳು. ನನ್ನ ಮದುವೆಗೆ ಕೊಟ್ಟ ಪಾತ್ರೆಗಳ ಮೇಲೆಲ್ಲ ನನ್ನ ಹೆಸರಿದೆ. ಸೌಟಿನ ಹಿಡಿಯ ಮೇಲೆ ಜಾಗ ಸಾಲದೆ ಅರ್ಧ ಹೆಸರಿದೆ. ಅಷ್ಟೆಲ್ಲ ಬರೆಸಿಕೊಂಡು ಬಂದರೆ, ಇಲ್ಲಿ ನಮ್ಮತ್ತೆ ಓದು ಬರಹ ಒಂದೂ ಇಲ್ಲದೆ, ಬರೀ ತಗ್ಗು ಮುಟ್ಟಿ ನೋಡಿ 'ಇದು ನಮ್ದು, ಬಾವಿ ಕಟ್ಟೆ ಮ್ಯಾಲಿಂದ ಬಿದ್ದಿದ್ದು' ಎಂದು ಪಾತ್ರೆ ಗುರುತು ಹಿಡಿಯುತ್ತಿದ್ದರು. ನನ್ನ ಹೆಸರಿನ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿಸಿ, 'ಇರ್ಲಿ ಬುಡು, ನೀನು ಎಲ್ಲಾದ್ರೂ ಕಳ್ದೋದ್ರೆ ಹುಡ್ಕಾಕೆ ಬೇಕಾಯ್ತದೆ' ಎಂದರು. ಮದುವೆಯಾಗಿ ಬಂದ ವಾರದಲ್ಲೇ.

ನಮ್ಮತ್ತೆಯ ನಾಲಗೆ ಅಂಥದು. ಯಾರನ್ನೂ ಬಿಡುವುದಿಲ್ಲ, ಯಾವುದನ್ನೂ ಬಿಡುವುದಿಲ್ಲ. ಆದರೆ ಆ ನಾಲಗೆಯ ಮೇಲೆ ಒಂದು ಹೆಸರು ಮಾತ್ರ ಬರುತ್ತಿರಲಿಲ್ಲ. ಗಂಡನ ಹೆಸರು. ನಾನು ಈ ಮನೆಗೆ ಬಂದ ಮೇಲೆ ಒಂದು ದಿನವೂ ಅವರ ಬಾಯಲ್ಲಿ ಮಾವನ ಹೆಸರು ಕೇಳಿರಲಿಲ್ಲ. ಕರೆಯಬೇಕಾದರೆ 'ಇವ್ರೇ', ಸಿಟ್ಟು ಬಂದರೆ 'ಓಯ್'. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು 'ಯಜಮಾನ್ರ ಹೆಸ್ರೇನಮ್ಮ?' ಎಂದರೆ ನನ್ನ ಸೆರಗು ಹಿಡಿದು ಎಳೆದು, 'ಇವಳ್ನ ಕೇಳಿ, ಓದ್ದೋಳು' ಎನ್ನುತ್ತಿದ್ದರು. ನಮ್ಮ ಬೀದಿಯ ತುದಿಯಲ್ಲಿ ಮಾವನವರ ಹೆಸರಿನವರೇ ಇನ್ನೊಬ್ಬ ಚಿಕ್ಕಬೋರೇಗೌಡರಿದ್ದಾರೆ. ಅವರನ್ನೂ ಅತ್ತೆ ಹೆಸರು ಹಿಡಿದು ಕರೆಯುವಂತಿಲ್ಲ. 'ಅವ್ರ ಎಸರಿನೋರು' ಎಂದೇ ಕರೆಯುವುದು. ಮದುವೆಯ ದಿನ ಹೊಸಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸುವ ಶಾಸ್ತ್ರವಿದೆಯಲ್ಲ, ಆವತ್ತೂ ಬಾಯಿ ಬಿಡಲಿಲ್ಲವಂತೆ. ಹೆಂಗಸರೆಲ್ಲ ಕಾದೂ ಕಾದೂ ಸಾಕಾಗಿ, ಊಟಕ್ಕೆ ಹೊತ್ತಾಯಿತೆಂದು ಸುಮ್ಮನೆ ಒಳಗೆ ಬಿಟ್ಟುಕೊಂಡರಂತೆ. ಇದನ್ನು ಅತ್ತೆ ಗೆದ್ದವರ ಹಾಗೆ ಹೇಳಿಕೊಳ್ಳುತ್ತಿದ್ದರು. ನಾನು ಫೋನಿನಲ್ಲಿ ನನ್ನ ಗಂಡನಿಗೆ 'ರವಿ, ಬರ್ತಾ ಹಾಲು ತಗೊಂಡ್ ಬಾ' ಎಂದದ್ದನ್ನು ಮೊದಲ ಸಲ ಕೇಳಿಸಿಕೊಂಡಾಗ ಎದೆಯ ಮೇಲೆ ಕೈಯಿಟ್ಟುಕೊಂಡು, 'ಗಂಡನ್ನ ಕುರಿ ಕೂಗ್ದಂಗೆ ಕೂಗ್ತೀಯಲ್ಲಮ್ಮಿ!' ಎಂದಿದ್ದರು.

ಮಾವನವರು ಒಳ್ಳೆಯವರು. ಮಾತು ಕಡಿಮೆ. ಕಬ್ಬು ಬೆಳೆದು, ಗಾಡಿ ಹೊಡೆದು, ಮನೆಗೆ ಬಂದರೆ ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನಾನು ಕೃಷ್ಣರಾಜಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಮೊದಲ ಸಂಬಳದಲ್ಲಿ ಅವರಿಗೆಂದೇ ಕುರ್ಚಿ ತಂದೆ. ಅವರು ಅದರ ಮೇಲೆ ಟವೆಲ್ ಒಣಗಹಾಕಿಕೊಂಡು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಡೆಯವರೆಗೂ ಹಾಗೆಯೇ.

ಅಂಥವರು ತೀರಿಕೊಂಡಾಗ ನಮ್ಮ ಯಜಮಾನರಿಗೆ, ಎಂದರೆ ಮೇಲೆ ಹೇಳಿದ ಕುರಿಗೆ, ಒಂದು ಭಾರಿ ಯೋಚನೆ ಬಂತು. ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟು ಬಂದ ಸಂಜೆಯೇ, 'ಅಪ್ಪನ ಹೆಸರು ಶಾಶ್ವತವಾಗಿ ಉಳಿಯೋ ಅಂಥದ್ದು ಏನಾದ್ರೂ ಮಾಡ್ಬೇಕು' ಎಂದರು. ಶಾಶ್ವತವಾಗಿ ಉಳಿಯುವಂಥದ್ದು ಎಂದು ಅವರು ಆರಿಸಿದ್ದು ಪ್ಲಾಸ್ಟಿಕ್ ಕುರ್ಚಿ! ತಿಥಿಯ ದಿನ ಬೀದಿಯ ರಾಮಮಂದಿರಕ್ಕೆ ಕೊಡುವುದೆಂದಾಯಿತು. ಪೇಂಟಿನಲ್ಲಿ ಬರೆಸೋಣವೆಂದರೆ, 'ಪೇಂಟ್ ಎದ್ದು ಬರುತ್ತೆ, ಮಾರ್ಕರ್ ಆದ್ರೆ ಪರ್ಮನೆಂಟು. ಹೆಸರಲ್ಲೇ ಇದೆ ನೋಡು' ಎಂದು ತಾವೇ ನಾಲಗೆ ಹೊರಚಾಚಿಕೊಂಡು ಒಂದೊಂದೇ ಕುರ್ಚಿಯ ಬೆನ್ನ ಮೇಲೆ ಬರೆದರು. 'ಚಿಕ್ಕಬೋರೇಗೌಡರ ಸ್ಮರಣಾರ್ಥ'. ಬರೆದು ಮುಗಿಸಿ ಸೊಂಟ ಹಿಡಿದುಕೊಂಡು ನಿಂತಾಗ ನೋಡಲು ಬಂದ ಪಕ್ಕದ ಮನೆಯವರು, 'ದಿವಂಗತ ಅಂತ ಹಾಕ್ಲಿಲ್ವಲ್ಲ. ಬೀದಿ ತುದಿ ಚಿಕ್ಕಬೋರೇಗೌಡ್ರು ನೋಡುದ್ರೆ ಬೇಜಾರ್ ಮಾಡ್ಕೊಳಲ್ವಾ?' ಎಂದರು. ಅದೂ ಸರಿಯೇ. ಅಷ್ಟರಲ್ಲಿ ಮಾರ್ಕರ್ ಒಣಗಿತ್ತು. ಅಂಗಡಿಯಲ್ಲಿ ಸಿಕ್ಕ ಇನ್ನೊಂದು ಯಾವುದೋ ಪೆನ್ನು ತಂದು ಎಲ್ಲ ಹೆಸರಿನ ಮುಂದೆಯೂ 'ದಿವಂಗತ' ಎಂದು ಸೇರಿಸಿದರು. ಈ ಎರಡನೇ ಪೆನ್ನನ್ನು ನೆನಪಿಟ್ಟುಕೊಳ್ಳಿ.

ತಿಥಿ ಮುಗಿಯಿತು, ಕುರ್ಚಿಗಳು ರಾಮಮಂದಿರಕ್ಕೆ ಹೋದವು. ಒಂದು ತಿಂಗಳಿಗೆ ಅರ್ಧ ವಾಪಸು ಬಂದವು. ಅಲ್ಲಿ ಜಾಗವಿಲ್ಲವಂತೆ. ನಮ್ಮ ಊರಿನಲ್ಲಿ ಸತ್ತವರೆಲ್ಲರ ಮಕ್ಕಳಿಗೂ ಇದೇ ಯೋಚನೆ ಬಂದಿತ್ತು. ಮಂದಿರದ ಹಿಂದಿನ ಕೋಣೆಯಲ್ಲಿ ದಿವಂಗತರು ಒಬ್ಬರ ತಲೆಯ ಮೇಲೊಬ್ಬರು ಸೂರಿನವರೆಗೆ ಏರಿ ಕೂತಿದ್ದರು. ಭಜನೆಗೆ ಬರುವವರು ನಾಲ್ಕೇ ಜನ, ಅವರೂ ಚಾಪೆಯ ಮೇಲೆ ಕೂರುವವರು. ಹೀಗೆ ಮಾವನವರು ಟ್ರಾಕ್ಟರು ಹತ್ತಿ ಮನೆಗೆ ಮರಳಿದರು. ಅತ್ತೆ ಜಗಲಿಯಲ್ಲಿ ನಿಂತು ಸಾಲಾಗಿ ಇಳಿಸಿದ ಕುರ್ಚಿಗಳನ್ನು ನೋಡಿ, 'ಇದ್ದಾಗ ಒಂದ್ ದಿನ ಕುರ್ಚಿ ಮ್ಯಾಲೆ ಕುಂತೋರಲ್ಲ. ಈಗ ನೋಡು, ಎಲ್ಲಾದ್ರಾಗೂ ಅವ್ರೇ ಕುಂತವ್ರೆ' ಎಂದು ಸೆರಗಿನಿಂದ ಒಂದರ ಧೂಳು ಒರೆಸಿದರು. ಅವತ್ತಿನಿಂದ ಅತ್ತೆ ಕೂರುತ್ತಿದ್ದುದು ಆ ಒಂದರ ಮೇಲೆಯೇ.

ಎರಡು ವರ್ಷ ನಾವೆಲ್ಲ ಅವುಗಳ ಮೇಲೆ ಕೂತು ಕಾಫಿ ಕುಡಿದೆವು, ಅವರೆಕಾಯಿ ಬಿಡಿಸಿದೆವು, ಜಗಳವಾಡಿದೆವು. ಬರೆದದ್ದು ಬೆನ್ನ ಹಿಂದೆ ತಾನೇ ಇರುವುದು, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಣ್ಣಿಗೆ ಬಿದ್ದದ್ದು ಕೆ.ಆರ್. ಪೇಟೆ ಮಾವನಿಗೆ.

ಕೆ.ಆರ್. ಪೇಟೆ ಮಾವ ಎಂದರೆ ನಮ್ಮತ್ತೆಯ ತಮ್ಮ, ನಂಜಪ್ಪ. ನಮ್ಮ ಯಜಮಾನರಿಗೆ ಸೋದರಮಾವ. ಸೈಟು ಕೊಡಿಸುವುದು, ಸಂಬಂಧ ಕುದುರಿಸುವುದು ಎರಡೂ ಕಸುಬು. ಸೈಟಿಗೆ ವಾಸ್ತು ನೋಡಿ ನೋಡಿ ಮನುಷ್ಯರಿಗೂ ವಾಸ್ತು ನೋಡುವ ಅಭ್ಯಾಸವಾಗಿಬಿಟ್ಟಿದೆ. ನನ್ನ ಮಗಳು ಸಿಂಧುವಿಗೆ ಹೊಣಕೆರೆ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಶ್ರೀರಂಗಪಟ್ಟಣದ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ಬಂದಿತ್ತು ಎನ್ನುವುದು ಊರಿಗೆ ಹೇಳುವ ಮಾತು. ನಿಜವೇನೆಂದರೆ, ಶ್ರೀರಂಗಪಟ್ಟಣದ ಶಾಲೆಗೆ ಪಾಠ ಮಾಡಲು ಹೋಗುವ ನಮ್ಮ ಸಿಂಧುವೂ, ಅವಳಿದ್ದ ಬಸ್ಸಿಗೇ ದಿನಾ ಹತ್ತುತ್ತಿದ್ದ ಆ ಹುಡುಗನೂ ಎಂದೋ ಒಪ್ಪಿಕೊಂಡಾಗಿತ್ತು. ಅವನ ಮಾತು ಬಂದರೆ ಇವಳು ಅನ್ನಕ್ಕೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಬಾಕಿಯಿದ್ದದ್ದು ದೊಡ್ಡವರು ಬಂದು ನೋಡುವ ಶಾಸ್ತ್ರವೊಂದೇ. ಅದು ಕೆಡದಂತೆ ನಡೆಯಬೇಕಿತ್ತು. ಅದಕ್ಕಾಗಿ ಕೆ.ಆರ್. ಪೇಟೆ ಮಾವ ಮುಂಚಿತವಾಗಿ ಬಂದು ಮನೆಯನ್ನು ತಪಾಸಣೆ ಮಾಡಿದರು.

ನಡುಮನೆಗೆ ಬಂದವರೇ, ಕೂರಲು ಹೋದವರು, ಬಿಸಿ ತಾಗಿದಂತೆ ಮೇಲೆದ್ದರು.

'ಅಯ್ಯಯ್ಯಪ್ಪಾ! ಏನವ್ವ ಇದು? ಎಣ್ಣು ನೋಡಾಕ್ ಬರೋರ್ನ ಸತ್ತೋರ ಎಸರಿನ ಕುರ್ಚಿ ಮ್ಯಾಲೆ ಕೂರುಸ್ತೀರಾ? ಎದ್ದು ಬೆನ್ನು ಒದರ್ಕೊಂಡು ಓಯ್ತಾರೆ ಅಷ್ಟೇಯ!'

ಬಾಡಿಗೆ ಕುರ್ಚಿ ತರೋಣವೆಂದರೆ ಮದುವೆಗಳ ಕಾಲ, ಶಾಮಿಯಾನದವರ ಹತ್ತಿರ ಒಂದೂ ಇರಲಿಲ್ಲ. ರಾಮಮಂದಿರದಿಂದ ತರೋಣವೆಂದರೆ ಅಲ್ಲಿಯವರೂ ದಿವಂಗತರೇ. ಚಾಪೆ ಹಾಸೋಣವೆಂದರೆ 'ಪ್ಯಾಂಟ್ ಹಾಕೋರು ಕಣವ್ವ ಅವ್ರು' ಎಂದರು ಕೆ.ಆರ್. ಪೇಟೆ ಮಾವ. ನಮ್ಮ ಯಜಮಾನರು ಕುರ್ಚಿಗಳಿಗೆ ಬಿಳಿ ಬೆಡ್‌ಶೀಟ್ ಹೊದಿಸೋಣ ಎಂದರು. ಒಂದೆರಡಕ್ಕೆ ಹೊದಿಸಿಯೂ ನೋಡಿದೆವು.

'ಬಿಳೀ ಬಟ್ಟೆ ಒದ್ಸಿ ಸಾಲಾಗಿ ಮಡಗಿದ್ರೆ ಏನ್ ಕಂಡಂಗ್ ಕಾಣ್ತದೆ ಗೊತ್ತೇನ್ಲಾ?' ಎಂದರು ಮಾವ. ಕಾಣುತ್ತಿತ್ತು. ನಾವೇ ತೆಗೆದೆವು.

'ಉಜ್ಜಿ ಅಳಿಸ್ರಿ' ಎಂದು ತೀರ್ಪಾಯಿತು. ಆಮೇಲೆ ಮಾವ ಸ್ವರ ತಗ್ಗಿಸಿದರು. ತಗ್ಗಿಸಿದರು ಎಂದರೆ, ಬೀದಿಗೆ ಕೇಳದಿದ್ದರೂ ಅಡುಗೆಮನೆಗೆ ಕೇಳುವಷ್ಟು. 'ಇನ್ನೊಂದ್ ಇಸ್ಯ. ಅವತ್ತು ಅಕ್ಕ ಒಂದ್ ಗಳಿಗೆ ಒಳ್ಗಡೆ ಇರ್ಲಿ. ಮುತ್ತೈದೇರು ಮುಂದೆ ಇದ್ರೆ ಚೆಂದ. ಗಂಡಿನೋರು ಇದ್ನೆಲ್ಲಾ ನೋಡ್ತಾರೆ.'

ನನಗೆ ಮೈ ಉರಿದುಹೋಯಿತು. 'ಮಾವ, ಸಿಂಧೂನ ಎತ್ತಿ ಆಡಿಸಿ ಸಾಕಿದೋರು ಅವರು. ನಾನು ಬಸ್ಸಲ್ಲಿ ಕೆ.ಆರ್. ಪೇಟೆಗೆ ಓಡಾಡ್ಕೊಂಡಿದ್ದಾಗ ಅವಳಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದೋರು ಅವರು. ಅವರೇ ಮುಂದೆ ಬರಬಾರದು ಅಂದ್ರೆ ಇನ್ಯಾರು ಬರ್ಬೇಕು, ನೀವಾ?' ಎಂದೆ. 'ಓದ್ದೋರು ನೀವು, ನಿಮ್ಗೆ ಇದೆಲ್ಲಾ ತಿಳಿಯಕ್ಕಿಲ್ಲ' ಎಂದು ಮಾವ ಹಲ್ಲು ಚುಚ್ಚಿಕೊಂಡರು. ನಮ್ಮ ಯಜಮಾನರು ಫ್ಯಾನಿನ ರೆಕ್ಕೆ ನೋಡುತ್ತಾ ನಿಂತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ. ಸಿಂಧು, 'ಅಜ್ಜಿ ಬರ್ದಿದ್ರೆ ನಾನೂ ಈಚೆಗೆ ಬರಲ್ಲ' ಎಂದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

'ಬಾಯ್ ಮುಚ್ಚಮ್ಮಿ. ಬರೋ ಸಂಬಂಧನ ಕಾಲಲ್ಲಿ ಒದೀಬ್ಯಾಡ. ಆಯ್ತು ಬುಡ್ಲಾ ನಂಜ, ಒಳ್ಗೇ ಇರ್ತೀನಿ.'

ಅದರಲ್ಲಿ ಕೊಂಕಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಕೊಂಕಿಲ್ಲದೆ ಅತ್ತೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸರಿ, ಉಜ್ಜುವುದು ಶುರುವಾಯಿತು. ಮೊದಲು ಬಳೆಯಾಕೆಯ ಟೂತ್‌ಪೇಸ್ಟ್. ಮೆತ್ತಿದೆವು, ಉಜ್ಜಿದೆವು. ಮಾವನವರ ಹೆಸರು ಒಂದು ಚೂರೂ ಅಲ್ಲಾಡಲಿಲ್ಲ, ಪುದೀನ ವಾಸನೆ ಮಾತ್ರ ಗಮ್ಮೆಂದಿತು. ಆಮೇಲೆ ಕೊಬ್ಬರಿಎಣ್ಣೆ. ಅಕ್ಷರಗಳು ಎಣ್ಣೆ ಕುಡಿದು ಮಿರಮಿರ ಮಿಂಚಿದವು, ಅಷ್ಟೇ. ಸಿಂಧು ತನ್ನ ನೇಲ್ ಪಾಲಿಶ್ ತೆಗೆಯುವ ನೀರು ತಂದಳು. ಅದು ಕೆಲಸ ಮಾಡಿತು, ಮಾಡಲಿಲ್ಲವೆಂದು ಹೇಳಲಾರೆ. ಮಾರ್ಕರಿನ ಜೊತೆಗೆ ಪ್ಲಾಸ್ಟಿಕ್ಕನ್ನೂ ತಿಂದಿತು. ಉಜ್ಜಿದ ಜಾಗ ಹೊಳಪು ಕಳೆದುಕೊಂಡು ಒರಟೊರಟಾಗಿ, ಅಂಟಂಟಾಗಿ ಎದ್ದಿತು. ನಮ್ಮ ಯಜಮಾನರು ಆಟೋಗೆ ಪೇಂಟ್ ಹೊಡೆಯುವವರಿಂದ ಥಿನ್ನರ್ ತಂದರು. ಅದನ್ನು ಸುರಿದ ಕುರ್ಚಿಯ ಕತೆ ಹೇಳದಿರುವುದೇ ಒಳ್ಳೆಯದು. ಅದರಲ್ಲಿ ಈಗ ಕೋಳಿ ಮೊಟ್ಟೆಯಿಡುತ್ತದೆ.

ಇಷ್ಟಾದ ಮೇಲೆ ಇನ್ನೊಬ್ಬ ಜಾಣ ಮೊಬೈಲಿನಲ್ಲಿ, ಕಲೆಯ ಮೇಲೆ ಶಾಲೆಯ ಬೋರ್ಡಿಗೆ ಬರೆಯುವ ಮಾರ್ಕರಿನಿಂದ ತಿದ್ದಿ ಒರೆಸಿ, ಎರಡೂ ಹೋಗುತ್ತವೆ ಎಂದ. ಸಿಂಧುವಿನ ಚೀಲದಲ್ಲಿ ಆ ಮಾರ್ಕರ್ ಇತ್ತು. ನಾನು ಕೂತು, ನನ್ನ ಮಾವನ ಹೆಸರನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ತಿದ್ದಿದೆ. ಒರೆಸಿದೆ. ತಿದ್ದಿದ್ದು ಹೋಯಿತು, ಮಾವನವರು ಇದ್ದರು. ಎರಡು ವರ್ಷದ ಬಿಸಿಲಿನಲ್ಲಿ ಬೆಂದು ಶಾಯಿ ಒಳಕ್ಕೆ ಇಳಿದುಬಿಟ್ಟಿತ್ತು.

ಕಡೆಗೆ ನೆನಪಾದದ್ದು ಕೊರೋನಾ ಕಾಲದ ಸ್ಯಾನಿಟೈಸರ್. ಒಂದು ಕ್ಯಾನು ಬಚ್ಚಲಿನ ಮೂಲೆಯಲ್ಲಿ ಉಳಿದಿತ್ತು. ಹತ್ತಿಯಲ್ಲಿ ಅದ್ದಿ 'ದಿವಂಗತ'ದ ಮೇಲೆ ಇಟ್ಟು ಒರೆಸಿದೆ ನೋಡಿ, ಇಡೀ ಪದ ಎದ್ದು ಹತ್ತಿಗೆ ಬಂತು! ನಾನು ಕಿರುಚಿಕೊಂಡೆ. ಎಲ್ಲರೂ ಓಡಿಬಂದರು. ಹುರುಪಿನಲ್ಲಿ ಹೆಸರಿನ ಮೇಲೆ ಒರೆಸಿದೆ. ಅಕ್ಷರದ ಅಂಚು ಕದಡಿ ಸುತ್ತ ನೀಲಿ ಮಬ್ಬು ಹರಡಿತು, ಹೆಸರು ಹೋಗಲಿಲ್ಲ. ಎಷ್ಟು ಉಜ್ಜಿದರೂ ಇಲ್ಲ. ಆಗ ಹೊಳೆಯಿತು ಎರಡನೇ ಪೆನ್ನು. ನಮ್ಮ ಯಜಮಾನರು ಆಮೇಲೆ ತಂದು ಸೇರಿಸಿದ ಆ ಸಾವು ಮಾತ್ರ ಅಗ್ಗದ ಮಾಲು. ಎಲ್ಲ ಕುರ್ಚಿಯಲ್ಲೂ ಅಷ್ಟೇ. ಕೆಳಸಾಲಿನ 'ಸ್ಮರಣಾರ್ಥ' ಗೋಡೆಗೆ ತಿಕ್ಕಿ ತಿಕ್ಕಿ ಮೊದಲೇ ಮಾಸಿತ್ತು, ಸ್ಯಾನಿಟೈಸರಿಗೆ ಅದೂ ಹೋಯಿತು. ಉಳಿದದ್ದು 'ಚಿಕ್ಕಬೋರೇಗೌಡರ', ಅಷ್ಟು ಮಾತ್ರ.

ಕೆ.ಆರ್. ಪೇಟೆ ಮಾವನಿಗೆ ಫೋನು ಮಾಡಿದೆವು. 'ದಿವಂಗತ ಓಯ್ತಲ್ಲ? ಸಾಕು ಬುಡಿ. ಕುರ್ಚಿ ಯಜಮಾನ್ರ ಎಸರು ಅಂದ್ಕೋತಾರೆ' ಎಂದು ಅಪ್ಪಣೆಯಾಯಿತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಂದು ಕುರ್ಚಿಯ ಬೆನ್ನ ಮೇಲೆ ಕೈಯಾಡಿಸಿದರು. 'ಅಂತೂ ಸತ್ತೋರ್ನ ಬದುಕುಸ್ಬುಟ್ರಿ' ಎಂದರು. 'ಕುರ್ಚಿ ಮ್ಯಾಲೆ ಅವ್ರು ಬದ್ಕವ್ರೆ. ಒಳ್ಗೆ ನಾನು ಮಾತ್ರ ಮುಂಡೆ.'

ನಮ್ಮ ಯಜಮಾನರು ಹತ್ತಿಯ ಉಂಡೆ ಹಿಡಿದುಕೊಂಡು ಕೂತೇ ಇದ್ದರು. ಅವರ ಹತ್ತು ಬೆರಳೂ ನೀಲಿಯಾಗಿದ್ದವು.

ಭಾನುವಾರ ಗಂಡಿನವರು ಬಂದರು. ಹುಡುಗ, ಅವನ ತಂದೆತಾಯಿ, ಒಬ್ಬ ಚಿಕ್ಕಪ್ಪ. ಕುರ್ಚಿಗಳ ಮೇಲೆ ಕೂತರು. ಬೆನ್ನು ಗೋಡೆಗೆ ಬರುವಂತೆ ಕುರ್ಚಿಗಳನ್ನು ಒತ್ತಾಗಿ ಜೋಡಿಸಿದ್ದು ಕೆ.ಆರ್. ಪೇಟೆ ಮಾವನ ವಾಸ್ತು. ಕೋಡುಬಳೆ, ಕಾಫಿ ಬಂತು. ಕಬ್ಬಿನ ಮಾತು, ಮಳೆಯ ಮಾತು, ಹುಡುಗನ ಕೆಲಸದ ಮಾತು ಆಯಿತು. ಅಡುಗೆಮನೆಯ ಪರದೆಯ ಕೆಳಗೆ ಅತ್ತೆಯ ಪಾದಗಳು ಕಾಣುತ್ತಿದ್ದವು. ನಾನು ಅದನ್ನು ನೋಡದಿರಲು ಪ್ರಯತ್ನಿಸುತ್ತಾ ಹುಡುಗನ ತಾಯಿಗೆ, 'ಇನ್ಯಾರೂ ಬರ್ಲಿಲ್ವಾ? ಅಜ್ಜಿ ಇದ್ದಾರೆ ಅಂತ ಕೇಳಿದ್ದೆ' ಎಂದೆ.

ಆಕೆ ಲೋಟ ಕೆಳಗಿಟ್ಟರು. 'ನಮ್ಮತ್ತೆ ಬಂದವ್ರೆ. ಕಾರಲ್ಲೇ ಅವ್ರೆ. ಮೊಮ್ಮಗನ ಎಣ್ಣ ನೋಡ್ಬೇಕು ಅಂತ ಹಟ ಮಾಡಿ ಬಂದ್ರು. ಇಲ್ ಬಂದ್ಮೇಲೆ, ನಾನು ಗಂಡ ಇಲ್ದೋಳು, ಶುಭಕಾರ್ಯಕ್ಕೆ ಒಳೀಕ್ ಬರಕ್ಕಿಲ್ಲ ಅಂತ ಕುಂತ್ಬುಟ್ರು. ಉಡ್ಗಿ ಈಚೆ ಬಂದಾಗ ಅಲ್ಲಿಂದ್ಲೇ ನೋಡ್ತಾರಂತೆ.'

'ಆಹಾ, ತಿಳಿದೋರು!' ಎಂದು ಕೆ.ಆರ್. ಪೇಟೆ ಮಾವ ತಲೆದೂಗಿದರು. 'ಇಂಗಿರ್ಬೇಕು ನೋಡಿ ಇರೀಕ್ರು ಅಂದ್ರೆ.'

ಪರದೆ ಸರ್ರನೆ ಸರಿಯಿತು.

'ಈ ಬಿಸ್ಲಲ್ಲಿ ಮುದುಕೀನ ಕಾರಲ್ಲಿ ಬುಟ್ಬುಟ್ಟು ಕೋಡ್ಬಳೆ ಕಡೀತಾ ಕುಂತಿದ್ದೀರಲ್ಲ, ನಿಮಗೇನ್ ನಾಚ್ಕೆ ಆಗಕ್ಕಿಲ್ವಾ?' ಎಂದರು ಅತ್ತೆ. ನೆಲ ಒರೆಸುವಾಗ ಉಡುವ ಸೀರೆಯಲ್ಲೇ ಇದ್ದರು. ಮಾವ 'ಅಕ್ಕ, ಅಕ್ಕ' ಎಂದು ಅರ್ಧ ಎದ್ದರು. 'ಸುಮ್ಕಿರ್ಲಾ' ಎಂದು ಅತ್ತೆ ನಡುಮನೆಯ ನಟ್ಟನಡುವೆ ಹಾದು, ಗಂಡಿನವರ ಮುಂದಿನಿಂದಲೇ ಬೀದಿಗೆ ಇಳಿದರು. ಕೋಣೆಯ ಬಾಗಿಲ ಸಂದಿಯಲ್ಲಿ ಸಿಂಧುವಿನ ಮುಖ ಬಿಳಿಚಿಕೊಂಡಿತ್ತು. ಹುಡುಗ ತಲೆತಗ್ಗಿಸಿ ಕೋಡುಬಳೆಯನ್ನು ಪುಡಿ ಮಾಡುತ್ತಿದ್ದ. ಅವನ ತಂದೆಯ ಮುಖದಲ್ಲಿ ಏನಿದೆಯೆಂದು ತಿಳಿಯಲಿಲ್ಲ.

ಹೊರಗಿನಿಂದ ಮಾತು ಕೇಳಿಸುತ್ತಿತ್ತು.

'ಬನ್ನಿ ಒಳೀಕೆ.'

'ಬ್ಯಾಡ ಕಣವ್ವ. ನಾನು ಅಂಥೋಳು.'

'ನಾನೂ ಅಂಥೋಳೇ. ಮೊಮ್ಮಗಳ ಸಾಕ್ದಾಗ ಇದೇ ಕೈ ಆಯ್ತಿತ್ತು, ಈಗ ಆಗಕ್ಕಿಲ್ವಾ? ಬನ್ನಿ, ಕಾಲು ಊರಿ.'

ಇಬ್ಬರೂ ಕೈ ಹಿಡಿದುಕೊಂಡು ಬಂದರು. ಗೋಡೆಯ ಸಾಲಿನಲ್ಲಿ ಜಾಗವಿರಲಿಲ್ಲ. ಅತ್ತೆ ಜಗಲಿಯಿಂದ ತಮ್ಮ ಕುರ್ಚಿಯನ್ನು ಎಳೆದು ತಂದು ನಡುಮನೆಯ ಮಧ್ಯೆ ಹಾಕಿ ಅಜ್ಜಿಯನ್ನು ಕೂರಿಸಿದರು. ಪಕ್ಕದಲ್ಲಿ ತಾವೂ ಇನ್ನೊಂದು ಹಾಕಿಕೊಂಡರು. ಬೆನ್ನು ಯಾವ ಕಡೆಗಿದೆ ಎಂದು ಯಾರು ನೋಡುತ್ತಾರೆ? ನೀಲಿ ಮಬ್ಬು, ಅದರೊಳಗಿನ ಅಕ್ಷರ, ಎಲ್ಲ ಎಲ್ಲರ ಎದುರಿಗೇ ಬಂತು. ಅಜ್ಜಿ ಪಕ್ಕದ ಕುರ್ಚಿಯ ಬೆನ್ನ ಮೇಲೆ ಬೆರಳಾಡಿಸಿ, 'ಏನೋ ಬರ್ದವ್ರಲ್ಲ. ಎಸರಾ? ಯಾರ್ದವ್ವ ಇದು? ನಂಗೆ ಓದಾಕ್ ಬರಕ್ಕಿಲ್ಲ' ಎಂದರು.

ಕೆ.ಆರ್. ಪೇಟೆ ಮಾವ ಬುಡಕ್ಕೆ ಬೆಂಕಿ ಬಿದ್ದವರ ಹಾಗೆ ಮುಂದೆ ಬಂದರು. 'ಅದಾ? ಅದು ಕಂಪ್ನಿ ಎಸರು ಕಣಜ್ಜಿ. ಕುರ್ಚಿ ಕಂಪ್ನೀದು.'

ಅತ್ತೆ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅಜ್ಜಿಯ ಕಡೆಗೆ ತಿರುಗಿದರು.

'ಚಿಕ್ಕಬೋರೇಗೌಡ' ಎಂದರು.

ಆ ದನಿ ನನಗೆ ಗುರುತೇ ಸಿಗಲಿಲ್ಲ. ಹೊಸಲ ಮೇಲೆ ನಿಂತ ಹುಡುಗಿಯ ದನಿ. ನನ್ನ ಗಂಡ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

'ನನ್ ಗಂಡ' ಎಂದರು ಅತ್ತೆ, ಈಗ ತಮ್ಮದೇ ದನಿಯಲ್ಲಿ. 'ಓಗಿ ಎರಡ್ ವರ್ಸ ಆಯ್ತು. ಈ ಕುರ್ಚಿ ಎಲ್ಲಾ ಅವ್ರ ತಿಥೀಗ್ ತಂದಿದ್ದು. ಕೂರಕ್ಕಾಗಕ್ಕಿಲ್ಲ ಅಂದ್ರೆ ಈಗ್ಲೇ ಏಳಿ. ಕೂರೋದಾದ್ರೆ ಸರ್ಯಾಗ್ ಕುಂತ್ಕಳಿ.'

ಹುಡುಗನ ಚಿಕ್ಕಪ್ಪ ಸ್ವಲ್ಪ ಮಿಸುಕಾಡಿದಂತೆ ಕಂಡಿತು. ಹುಡುಗನ ತಂದೆ ಎದ್ದು ನಿಂತರು. ಮುಗಿಯಿತು ಎಂದುಕೊಂಡೆ. ಆದರೆ ಆತ ಎದ್ದದ್ದು ತಮ್ಮ ತಾಯಿಗೆ ನೀರಿನ ಲೋಟ ಕೊಡಲು. ಅಜ್ಜಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಅತ್ತೆಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. 'ಏಳ್ಬುಟ್ಟಲ್ಲವ್ವ ನೀನು!' ಎಂದು ಬೊಚ್ಚುಬಾಯಿ ತುಂಬ ನಕ್ಕರು. ಕಣ್ಣಲ್ಲಿ ನೀರಿತ್ತು. 'ನಂಗೆ ಇವತ್ತಿಗೂ ಬಾಯಿ ಬರಕ್ಕಿಲ್ಲ. ಎಲ್ಲಿ, ಮಗೀನ ಕರೀರಿ, ನೋಡಾನ.'

ಸಿಂಧು ಬಂದಳು. ಅವಳು ಮೊದಲು ನಮಸ್ಕಾರ ಮಾಡಿದ್ದು ಇಬ್ಬರು ಅಜ್ಜಿಯರಿಗೆ. ಸಂಬಂಧ ಕುದುರಿತು. ಈಗ ಅಳಿಯ ಬಂದಾಗಲೆಲ್ಲ ಅದೇ ಸಾಲಿನ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಾನೆ. ಆ ಬಳೆಯಾಕೆಯ ಹೊಸ ವೀಡಿಯೋಗಳನ್ನು ನನಗೆ ಕಳಿಸುವವನೂ ಅವನೇ.

ಅವತ್ತು ಗಂಡಿನವರ ಕಾರು ತಿರುವು ದಾಟಿದ ಮೇಲೆ, ನಾವೆಲ್ಲ ಉಸಿರು ಬಿಟ್ಟು ಜಗಲಿಯಲ್ಲಿ ಕೂತಿದ್ದೆವು. ಕೆ.ಆರ್. ಪೇಟೆ ಮಾವನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಸಂಬಂಧ ಕುದುರಿದ್ದು ತಮ್ಮಿಂದಲೇ ಎಂದು ನಾಲ್ಕು ಸಲ ಹೇಳಿಕೊಂಡಾದ ಮೇಲೆ, 'ಅದೆಲ್ಲಾ ಸರಿ. ಆದ್ರೂ ಅಷ್ಟು ಜನದ ಮುಂದೆ ಭಾವನ ಎಸರ ಬಾಯ್ಬುಟ್ಟು ಏಳ್ಬುಟ್ಟಲ್ಲಕ್ಕ! ಮದ್ವೆ ದಿನ್ವೇ ಏಳಿರ್ಲಿಲ್ಲ ನೀನು' ಎಂದರು.

ಅತ್ತೆ ತಮ್ಮ ಕುರ್ಚಿಯನ್ನು ಮತ್ತೆ ಅದರ ಜಾಗಕ್ಕೆ ಎಳೆದುಕೊಂಡು ಬಂದು, ಬೆನ್ನು ಬೀದಿಗೆ ಕಾಣುವಂತೆ ಹಾಕಿಕೊಂಡು ಕೂತರು.

'ನೀವು ಅಳ್ಸಾಕ್ ಓದ್ರಲ್ಲ, ಅದ್ಕೇ ಏಳ್ದೆ ಕಣ್ಲಾ' ಎಂದರು. 'ಎಲ್ಲಿ, ಈಗ ಉಜ್ಜು ನೋಡಾನ.'